ಪಾಲಿಕೆಯ ಕನ್ನಡ ಶಾಲೆಗೆ 12 ಲಕ್ಷ: ಸಾಮಾನು ಬೇಡ, ಸಮಯ ಕೊಡಿಸಿ

ಪ್ರಶ್ನೆ: ನಾವು ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಪಾಠ, ಹಾಗೆ ಎಸ್ಸೆಸ್ಸಿ ಮುಗಿಸಿದವರು. ಆ ಶಾಲೆ ಈಗಿಲ್ಲ. ನಮ್ಮ ಹಳೇ ವಿದ್ಯಾರ್ಥಿ ಸಂಘದಲ್ಲಿ 12 ಲಕ್ಷ ರೂಪಾಯಿ ಕೂಡಿದೆ. ಹತ್ತಿರದ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗೆ ಕೊಡೋಣ ಎಂದುಕೊಂಡಿದ್ದೇವೆ. ಅಲ್ಲಿ ಒಂದರಿಂದ ಐದರವರೆಗೆ 56 ಮಕ್ಕಳು, ಇಬ್ಬರೇ ಟೀಚರ್. ಉಳಿದ ಹುದ್ದೆ ಖಾಲಿ ಇರಬೇಕು. ಕೆಲವರು ಸ್ಮಾರ್ಟ್ ಕ್ಲಾಸ್ ಮಾಡಿಸೋಣ ಅಂತಾರೆ, ಕೆಲವರು ನಾವೇ ಸಂಬಳ ಕೊಟ್ಟು ಒಬ್ಬ ಟೀಚರನ್ನು ಇಡೋಣ ಅಂತಾರೆ. ಒಬ್ಬರು ಮಾತ್ರ 'ಸರ್ಕಾರದ ಶಾಲೆಗೆ ನಾವ್ಯಾಕೆ ಕೊಡಬೇಕು' ಎಂದು ಪಟ್ಟು ಹಿಡಿದಿದ್ದಾರೆ. ದುಬೈ ಮತ್ತು ಅಮೆರಿಕದಲ್ಲಿರುವ ಸದಸ್ಯರೂ ಹಣ ಕಳಿಸಲು ತಯಾರು. ಹೇಗೆ ಮುಂದುವರಿಯುವುದು? ಶಾಲೆಯಲ್ಲಿ ಸಂಘದ ಹೆಸರು ಹಾಕಿಸಬಹುದೇ?
ಓದುಗರು, ಚೆಂಬೂರು

ಉತ್ತರ: ಪಟ್ಟು ಹಿಡಿದಿರುವ ಆ ಸದಸ್ಯರ ಮಾತಿನಲ್ಲಿ ಅರ್ಧ ನಿಜವಿದೆ, ತಳ್ಳಿಹಾಕಬೇಡಿ. ಬೃಹನ್ಮುಂಬಯಿ ಮಹಾನಗರಪಾಲಿಕೆಯ ಶಿಕ್ಷಣ ಬಜೆಟ್ ವರ್ಷಕ್ಕೆ 3,000 ಕೋಟಿ ರೂಪಾಯಿಗೂ ಮೇಲೆ. ಅದರ ಮುಂದೆ ನಿಮ್ಮ 12 ಲಕ್ಷ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸಮವಸ್ತ್ರ, ಬೂಟು, ಬ್ಯಾಗು, ನೋಟ್‌ಬುಕ್ ಎಂದು 27 ಬಗೆಯ ಸಾಮಾನನ್ನು ಪಾಲಿಕೆ ಮಕ್ಕಳಿಗೆ ಪುಕ್ಕಟೆ ಕೊಡುತ್ತದೆ. ಕೆಲವು ವರ್ಷ ತಡವಾಗಿ ಬಂದು ಪೇಪರಿನಲ್ಲಿ ಸುದ್ದಿಯಾಗುತ್ತವೆ, ಅದು ಬೇರೆ ಮಾತು. ಪಾಲಿಕೆ ಹೇಗೂ ಕೊಳ್ಳುವ ವಸ್ತುವನ್ನು ನೀವೂ ಕೊಂಡರೆ ಮಗುವಿಗೆ ಎರಡು ಬ್ಯಾಗು ಸಿಗುತ್ತದೆ, ಅಷ್ಟೇ. ಕೊಡುವುದಾದರೆ ಈ 3,000 ಕೋಟಿಗೆ ಕೊಳ್ಳಲು ಬಾರದ್ದನ್ನು ಕೊಡಬೇಕು. ನಿಮ್ಮ ಶಾಲೆಯ ಮಟ್ಟಿಗೆ ಅದು ಒಂದು ಮಗುವಿನ ಪಕ್ಕ ಒಬ್ಬ ದೊಡ್ಡವರು ಕೂತು ಓದಿಸುವ ಸಮಯ.

ಯಾಕೆಂದರೆ ನೀವು ಅಂದುಕೊಂಡಂತೆ ಅಲ್ಲಿ ಹುದ್ದೆ ಖಾಲಿ ಇರಲಿಕ್ಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ: ಒಂದರಿಂದ ಐದನೇ ತರಗತಿಯವರೆಗೆ ಒಟ್ಟು 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ತರಗತಿ ಎಷ್ಟಿವೆ ಎಂಬುದು ಲೆಕ್ಕಕ್ಕೇ ಇಲ್ಲ, ತಲೆ ಎಷ್ಟಿವೆ ಎಂಬುದಷ್ಟೇ. ಒಂದೊಂದು ತರಗತಿಗೆ ನಲವತ್ತು ಮಕ್ಕಳು ಸಿಗುವ ಹಿಂದಿ ಅಥವಾ ಉರ್ದು ಶಾಲೆಗೆ ಈ ಲೆಕ್ಕ ಪರವಾಗಿಲ್ಲ. ಪಾಲಿಕೆ ನಡೆಸುವುದು ಎಂಟು ಮಾಧ್ಯಮಗಳ ಶಾಲೆ. ಅದರಲ್ಲಿ ಕನ್ನಡ, ತಮಿಳು, ತೆಲುಗಿನಂಥ ಸಣ್ಣ ಮಾಧ್ಯಮಗಳಿಗೆ ಇದೇ ಲೆಕ್ಕ ಕುತ್ತಿಗೆಗೆ ಬರುತ್ತದೆ. 56 ಮಕ್ಕಳಿಗೆ ಇಬ್ಬರು ಎಂದರೆ ಕಾನೂನು ಪ್ರಕಾರ ಎಲ್ಲ ಸರಿಯಾಗಿದೆ. ಒಬ್ಬರು ಒಂದು ಎರಡು ಮೂರನೇ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ, ಇನ್ನೊಬ್ಬರು ನಾಲ್ಕು ಐದನ್ನು. ಇಬ್ಬರಲ್ಲಿ ಒಬ್ಬರಿಗೆ ಮುಖ್ಯಾಧ್ಯಾಪಕರ ಚಾರ್ಜೂ ಇರುತ್ತದೆ, ಅಂದರೆ ಬಿಸಿಯೂಟದ ರಿಜಿಸ್ಟರು, ಆನ್‌ಲೈನ್ ಮಾಹಿತಿ, ವಾರ್ಡ್ ಕಚೇರಿಯ ಮೀಟಿಂಗು. ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಈ ಮೂರಕ್ಕೆ ಶಿಕ್ಷಕರನ್ನು ಕರೆದೊಯ್ಯಲು ಅದೇ ಕಾಯ್ದೆಯ 27ನೇ ಕಲಮು ಬಾಗಿಲು ತೆರೆದಿಟ್ಟಿದೆ. 2027ರ ಜನಗಣತಿಯ ಕೆಲಸಕ್ಕೆ ಇಬ್ಬರಲ್ಲಿ ಒಬ್ಬರು ಹೋದರೆ ಐದು ತರಗತಿಗೆ ಉಳಿಯುವವರು ಎಷ್ಟು ಎಂದು ನೀವೇ ಎಣಿಸಿ.

ಈಗ ಸ್ಮಾರ್ಟ್ ಕ್ಲಾಸಿನ ಮಾತು. ನಾನು ಬಲ್ಲ ಒಂದು ಪಾಲಿಕೆ ಶಾಲೆಯ ಕಪಾಟಿನಲ್ಲಿ ಎರಡು ಪ್ರೊಜೆಕ್ಟರ್ ಇವೆ, ಒಂದು ಕ್ಲಬ್ಬಿನವರು ಕೊಟ್ಟದ್ದು, ಇನ್ನೊಂದು ಬ್ಯಾಂಕಿನವರು. ಒಂದರ ಬಲ್ಬು ಹೋಗಿದೆ, ಇನ್ನೊಂದರ ಕೇಬಲ್ ಕಾಣೆಯಾಗಿದೆ. ಕೊಟ್ಟವರ ಹೆಸರಿನ ಸ್ಟಿಕರ್ ಮಾತ್ರ ಎರಡರ ಮೇಲೂ ಫಳಫಳ ಎನ್ನುತ್ತಿದೆ. ಬಿಸಾಡುವ ಹಾಗೂ ಇಲ್ಲ. ಶಾಲೆಗೆ ಬಂದ ವಸ್ತು ಡೆಡ್‌ಸ್ಟಾಕ್ ರಿಜಿಸ್ಟರಿಗೆ, ಅಂದರೆ ಶಾಲೆಯ ಸಾಮಾನಿನ ಪಟ್ಟಿಗೆ, ಏರಿತೆಂದರೆ ಅದು ಮುಖ್ಯಾಧ್ಯಾಪಕರ ತಲೆಯ ಮೇಲಿನ ಹೊರೆ. ಕೆಟ್ಟರೂ, ಕಳೆದರೂ, ನಿವೃತ್ತಿಯ ದಿನ ಚಾರ್ಜ್ ಒಪ್ಪಿಸುವಾಗ ಒಂದೊಂದನ್ನೂ ತೋರಿಸಬೇಕು. 'ಏನಾದರೂ ಕೊಡ್ತೀವಿ ಮೇಡಂ' ಎಂದು ದಾನಿಗಳು ಉತ್ಸಾಹದಿಂದ ಹೋದಾಗ ಆಕೆ ನಕ್ಕು 'ಸದ್ಯ ಏನೂ ಬೇಡ' ಅನ್ನುವುದರ ಹಿಂದೆ ಈ ರಿಜಿಸ್ಟರಿನ ಭಯ ಇರುತ್ತದೆ. ಅದನ್ನು ಸೊಕ್ಕು ಎಂದು ತಿಳಿದು ಸಿಟ್ಟಾಗಿ ಬಂದ ಸಂಘಗಳನ್ನು ನಾನು ಬಲ್ಲೆ. ಇನ್ನೊಂದು ತೊಡಕು ಕನ್ನಡ ಶಾಲೆಗೆ ಮಾತ್ರ ಬರುವಂಥದ್ದು: ಈ ಮಕ್ಕಳು ಓದುವುದು ಪುಣೆಯ ಬಾಲಭಾರತಿ ಅಚ್ಚು ಹಾಕುವ ಕನ್ನಡ ಪುಸ್ತಕ, ಮಹಾರಾಷ್ಟ್ರದ ಪಠ್ಯಕ್ರಮ. ಬೆಂಗಳೂರಿನಲ್ಲಿ ತಯಾರಾಗುವ ಡಿಜಿಟಲ್ ಪಾಠಗಳು ಕರ್ನಾಟಕದ ಪುಸ್ತಕಕ್ಕೆ ಹೊಂದುತ್ತವೆ, ಇದಕ್ಕಲ್ಲ. ಪರದೆ ಬಂದರೂ ಅದರ ಮೇಲೆ ಏನು ಓಡಿಸುವುದು?

ಆದ್ದರಿಂದ ದುಡ್ಡಿನ ಮಾತು ಬದಿಗಿಟ್ಟು, ಜೂನಿನಲ್ಲಿ ಶಾಲೆ ತೆರೆದ ಮೇಲೆ ಟೀಚರ ಒಪ್ಪಿಗೆ ಪಡೆದು ಒಂದು ಕೆಲಸ ಮಾಡಿ. ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯವರ ಓದಿನ ಪರೀಕ್ಷೆಯ ಹಾಳೆ ಕನ್ನಡದಲ್ಲಿದೆ, ಪುಕ್ಕಟೆ ಸಿಗುತ್ತದೆ. ಒಂದೇ ಪುಟ: ಅಕ್ಷರಗಳು, ಸರಳ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಲೆಕ್ಕಕ್ಕೂ ಹೀಗೇ, ಅಂಕಿ ಗುರುತಿಸುವುದರಿಂದ ಹಿಡಿದು ದಶಕ ಎರವಲು ಪಡೆದು ಕಳೆಯುವುದು, ಭಾಗಿಸುವುದು. ಒಂದೊಂದು ಮಗುವನ್ನು ಪ್ರತ್ಯೇಕ ಕೂರಿಸಿಕೊಂಡು ಓದಿಸಬೇಕು. ಉದಾಹರಣೆಗೆ, ನಾಲ್ಕನೇ ತರಗತಿಯ ಹುಡುಗಿಯೊಬ್ಬಳು 'ಮರ', 'ಮನೆ', 'ನೀರು' ಎಂದು ಸರಾಗ ಓದಿ, ಒತ್ತಕ್ಷರ ಬಂದೊಡನೆ ನಿಂತುಬಿಡುತ್ತಾಳೆ. 'ಹಳ್ಳಿ' ಎಂಬಲ್ಲಿ 'ಹಳಿ' ಅನ್ನುತ್ತಾಳೆ, 'ಪುಸ್ತಕ'ದ ಹತ್ತಿರ ಟೀಚರ ಮುಖ ನೋಡುತ್ತಾಳೆ. ದಡ್ಡಿಯಲ್ಲ. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಮನೆಯಲ್ಲಿ ಲಂಬಾಣಿ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ ಮತ್ತು ಕಾನೂನಿನ ಪ್ರಕಾರ ಮರಾಠಿ. ಹಬ್ಬಕ್ಕೆಂದು ಊರಿಗೆ ಹೋದರೆ ಎರಡು ತಿಂಗಳು ಬರುವುದಿಲ್ಲ. ಒಂದನೇ ತರಗತಿಯಲ್ಲಿ ಒತ್ತಕ್ಷರ ಕಲಿಸಿದ ವಾರ ಅವಳು ರೈಲಿನಲ್ಲಿದ್ದಳು. ಆಮೇಲೆ ಯಾರಿಗೂ ಹಿಂದೆ ತಿರುಗಿ ನೋಡಲು ಪುರುಸೊತ್ತಿಲ್ಲ. ನಾಲ್ಕನೆಯ ತರಗತಿಯ ಪರಿಸರ ಪಾಠವನ್ನು ಅವಳು ಬೋರ್ಡಿನಿಂದ ಚಿತ್ರದ ಹಾಗೆ ನೋಡಿ ನಕಲು ಮಾಡುತ್ತಾಳೆ, ಅಕ್ಷರ ಮುದ್ದಾಗಿರುತ್ತದೆ. 56 ಮಕ್ಕಳಲ್ಲಿ ಇಂಥವರು ಎಷ್ಟು ಎಂಬುದು ಒಂದು ಹಾಳೆಯಲ್ಲಿ ಬರೆದು ಬಂದರೆ ನಿಮ್ಮ ಸಂಘದ ಮುಂದಿನ ಮೀಟಿಂಗಿನಲ್ಲಿ ಸ್ಮಾರ್ಟ್ ಕ್ಲಾಸಿನ ಮಾತು ತಾನಾಗಿ ನಿಲ್ಲುತ್ತದೆ.

ಇಂಥ ಮಕ್ಕಳಿಗೆ ಏನು ಮಾಡಿದರೆ ಪ್ರಯೋಜನ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಉತ್ತರ ಈ ಮುಂಬಯಿಯ ಪಾಲಿಕೆ ಶಾಲೆಗಳಲ್ಲೇ ಸಿಕ್ಕಿದೆ. 1995ರಲ್ಲಿ ಇಲ್ಲಿನ ಜೋಪಡಪಟ್ಟಿಗಳ ಬಾಲವಾಡಿಗಳಿಂದ ಶುರುವಾದ 'ಪ್ರಥಮ್' ಸಂಸ್ಥೆ ಪಾಲಿಕೆಯ ಜೊತೆ ಸೇರಿ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತು. ಅದೇ ಬಸ್ತಿಯ, ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದ ಹುಡುಗಿ ಶಾಲೆಗೆ ಬರುತ್ತಾಳೆ. ಮೂರು ನಾಲ್ಕನೇ ತರಗತಿಯ ಹಿಂದೆ ಬಿದ್ದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಅಕ್ಷರ, ಲೆಕ್ಕದ ಬುಡದಿಂದ ಕಲಿಸುತ್ತಾಳೆ. ಆಗ ಅವಳಿಗೆ ಸಿಗುತ್ತಿದ್ದದ್ದು ತಿಂಗಳಿಗೆ 500ರಿಂದ 750 ರೂಪಾಯಿ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮುಂಬಯಿ, ವಡೋದರಾಗಳಲ್ಲಿ ಇದನ್ನು ಅಳೆದು ನೋಡಿದರು. ಅಂಕ ಏರಿತ್ತು, ಮೊದಲ ವರ್ಷಕ್ಕಿಂತ ಎರಡನೇ ವರ್ಷ ಹೆಚ್ಚು, ಎಲ್ಲರಿಗಿಂತ ಹಿಂದಿದ್ದ ಮಕ್ಕಳಲ್ಲಿ ಅತಿ ಹೆಚ್ಚು. ದಾನಿಗಳು ಸಾಮಾನ್ಯವಾಗಿ ಹೇಳದ ಭಾಗವೂ ಒಂದಿದೆ: ಕಾರ್ಯಕ್ರಮ ನಿಂತು ವರ್ಷ ಕಳೆದ ಮೇಲೆ ನೋಡಿದಾಗ ಆ ಲಾಭ ಬಹುಪಾಲು ಕರಗಿತ್ತು. ಅಂದರೆ ಒಂದು ವರ್ಷ ಮಾಡಿ ಫೋಟೋ ತೆಗೆಸಿಕೊಂಡು ಬಿಡುವ ಕೆಲಸ ಇದಲ್ಲ. ಕನಿಷ್ಠ ಮೂರು ವರ್ಷ ಕೊಡುವ ಶಕ್ತಿ ಇದ್ದರೆ ಮಾತ್ರ ಕೈ ಹಾಕಿ.

ನಿಮಗೆ ಆ ಶಕ್ತಿ ಇದೆ. ಅರ್ಧ ದಿನದ ಕೆಲಸಕ್ಕೆ ತಿಂಗಳಿಗೆ 12,000 ರೂಪಾಯಿಯಂತೆ ಇಬ್ಬರು ಸಹಾಯಕಿಯರು ಎಂದರೆ ವರ್ಷಕ್ಕೆ 2,88,000, ಮೂರು ವರ್ಷಕ್ಕೆ 8,64,000. ಅವರ ತರಬೇತಿ, ಓದುವ ಕಾರ್ಡು, ಕಥೆ ಪುಸ್ತಕ, ಝೆರಾಕ್ಸಿಗೆ ವರ್ಷಕ್ಕೆ 40,000ದಂತೆ 1,20,000. ಇಬ್ಬರು ಟೀಚರಿಗೆ ವರ್ಷಕ್ಕೆ ತಲಾ 10,000, ಒಟ್ಟು 60,000. ಇದನ್ನು ಅವರು ತಮ್ಮ ತರಗತಿಗೆ ಬೇಕೆಂದದ್ದಕ್ಕೆ ಖರ್ಚು ಮಾಡಲಿ. ಉಳಿಯುವ 1,56,000 ಆಡಿಟಿಗೆ, ಒಬ್ಬ ಸಹಾಯಕಿ ಮದುವೆಯಾಗಿ ಹೋದಾಗ ಇನ್ನೊಬ್ಬಳನ್ನು ತಯಾರು ಮಾಡಲು, ಸಂಬಳ ಏರಿಸಲು. ಅದು ಉಳಿದೇ ಇರಲಿ.

ಟೀಚರ ಆ ಹತ್ತು ಸಾವಿರದ ಬಗ್ಗೆ ನಿಮ್ಮ ಸಂಘದಲ್ಲಿ ಯಾರಾದರೂ 'ಸಂಬಳ ಬರುತ್ತಲ್ಲ' ಎಂದು ಮೂಗು ಮುರಿಯಬಹುದು. ಬರುತ್ತದೆ, ಒಳ್ಳೆಯ ಸಂಬಳವೇ. ಆದರೆ ತರಗತಿಗೆ ಬೇಕಾದ ಪ್ರಿಂಟರಿನ ಇಂಕು, ಲ್ಯಾಮಿನೇಷನ್, ಬಣ್ಣದ ಕಾಗದ ಹೆಚ್ಚಾಗಿ ಅವರ ಪರ್ಸಿನಿಂದಲೇ ಹೋಗುತ್ತದೆ. ಅಮೆರಿಕದಲ್ಲಿ 2000ದಲ್ಲಿ ಒಬ್ಬ ಶಾಲಾ ಮೇಷ್ಟ್ರು ಶುರು ಮಾಡಿದ 'ಡೋನರ್ಸ್‌ಚೂಸ್' ನಿಂತಿರುವುದೇ ಇದರ ಮೇಲೆ: ಟೀಚರ್ ತನಗೆ ಬೇಕಾದ ಸಣ್ಣ ವಸ್ತುವನ್ನು ಬರೆದು ಹಾಕುತ್ತಾರೆ, ದಾನಿ ಆರಿಸಿಕೊಂಡು ಹಣ ಕೊಡುತ್ತಾನೆ, ಸಂಸ್ಥೆ ನಗದು ಕೊಡದೆ ವಸ್ತುವನ್ನೇ ಶಾಲೆಗೆ ಕಳಿಸುತ್ತದೆ. ನಮ್ಮಲ್ಲೂ ಕೇಂದ್ರ ಸರ್ಕಾರ 2021ರಲ್ಲಿ 'ವಿದ್ಯಾಂಜಲಿ' ಪೋರ್ಟಲನ್ನು ಹೊಸದಾಗಿ ತೆರೆದಿದೆ; ಸರ್ಕಾರಿ, ಅನುದಾನಿತ ಶಾಲೆಗಳು ತಮ್ಮ ಬೇಡಿಕೆ ಹಾಕಬಹುದು, ಸ್ವಯಂಸೇವಕರೂ ಅಲ್ಲಿ ಹೆಸರು ನೋಂದಾಯಿಸಬಹುದು. ನೀವು ಅಷ್ಟು ದೂರ ಹೋಗದೆ ಬಿಲ್ಲು ನೋಡಿ ಅಂಗಡಿಗೇ ಪಾವತಿ ಮಾಡಿ, ಸಾಕು. ಆದರೆ ಬೇಕಾದದ್ದನ್ನು ಕೇಳುವಾಗ ಹತ್ತು ಜನ ಹಾರ ತುರಾಯಿ ಹಿಡಿದು ಹೋಗಬೇಡಿ. ಆ ಸಭೆಯಲ್ಲಿ ಯಾವ ಟೀಚರೂ ನಿಜ ಹೇಳುವುದಿಲ್ಲ. ನಿಮ್ಮಲ್ಲಿ ಒಬ್ಬರು, ಸಾಧ್ಯವಾದರೆ ಒಬ್ಬ ಹೆಣ್ಣುಮಗಳು, ಶಾಲೆ ಬಿಟ್ಟ ಮೇಲೆ ಹೋಗಿ ಚಹಾ ಕುಡಿಯುತ್ತ ಕೇಳಲಿ.

ಹಾಗೆ ಕೇಳಿದಾಗ ಒಂದು ಭಯ ಹೊರಬರುವ ಸಂಭವ ಇದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಪ್ರಾಥಮಿಕ ಶಿಕ್ಷಕರು, ಎಷ್ಟೇ ಹಳಬರಾಗಿದ್ದರೂ, ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಅಂದರೆ ಟಿಇಟಿ ಪಾಸು ಮಾಡಬೇಕು. ಇಪ್ಪತ್ತು ವರ್ಷ ಪಾಠ ಮಾಡಿದ ನಲವತ್ತೆಂಟರ ಟೀಚರಿಗೆ ಮತ್ತೆ ಪರೀಕ್ಷೆ ಎಂದರೆ ನಿದ್ದೆ ಹತ್ತುವುದಿಲ್ಲ. ಮುಂಬಯಿಯಲ್ಲಿ ಕನ್ನಡದಲ್ಲಿ ಇದಕ್ಕೆ ತಯಾರಿ ಮಾಡಿಸುವ ಕ್ಲಾಸುಗಳು ಗಲ್ಲಿಗೊಂದರಂತೆ ಇಲ್ಲ. ನಗರದ ಕನ್ನಡ ಶಾಲೆಗಳ ನಾಲ್ಕಾರು ಟೀಚರನ್ನು ಸೇರಿಸಿ, ನಿವೃತ್ತ ಅಧ್ಯಾಪಕರನ್ನು ಕರೆದು, ಯಾವುದಾದರೂ ಸಂಘದ ಸಭಾಗೃಹದಲ್ಲಿ ಭಾನುವಾರದ ತರಗತಿ ನಡೆಸಿದರೆ ಖರ್ಚು ಊಟ ಚಹಾದ್ದಷ್ಟೇ. ನನ್ನ ಕೇಳಿದರೆ ನಿಮ್ಮ 12 ಲಕ್ಷದಲ್ಲಿ ಅತ್ಯಂತ ಅಗ್ಗದ, ಅತ್ಯಂತ ನೆನಪಿನಲ್ಲಿ ಉಳಿಯುವ ಉಪಕಾರ ಅದೇ.

ನೀವೇ ಪೂರ್ತಿ ಟೀಚರನ್ನು ಇಡುವುದು ಯಾಕೆ ಬೇಡ ಎನ್ನುತ್ತಿದ್ದೇನೆ? ಈ ನಗರದಲ್ಲಿ ಅದನ್ನು ಮಾಡುವವರು ಇದ್ದಾರೆ. 'ಮುಕ್ತಾಂಗಣ' 2003ರಿಂದ ವರ್ಲಿ ಸುತ್ತಿನ ಪಾಲಿಕೆ ಶಾಲೆಗಳಲ್ಲಿ ಅಲ್ಲಿನ ಬಸ್ತಿಯ ಹೆಂಗಸರನ್ನೇ ಶಿಕ್ಷಕಿಯರನ್ನಾಗಿ ತಯಾರು ಮಾಡಿದೆ. 'ಆಕಾಂಕ್ಷಾ' ಪಾಲಿಕೆಯ ಕಟ್ಟಡದಲ್ಲಿ ತನ್ನ ಶಿಕ್ಷಕರನ್ನಿಟ್ಟು ಶಾಲೆ ನಡೆಸುತ್ತದೆ. 'ಟೀಚ್ ಫಾರ್ ಇಂಡಿಯಾ' 2009ರಿಂದ ಎರಡೆರಡು ವರ್ಷಕ್ಕೆ ಯುವಕರನ್ನು ಕಳಿಸುತ್ತಿದೆ. ಅವರ ಹಿಂದೆ ದೊಡ್ಡ ದಾನಿಗಳು, ತರಬೇತಿಯ ವ್ಯವಸ್ಥೆ, ಪಾಲಿಕೆಯೊಂದಿಗೆ ವರ್ಷಗಟ್ಟಲೆಯ ಒಪ್ಪಂದ ಇದೆ. ಹಾಗಿದ್ದೂ ದಾನಿಯ ಮನಸ್ಸು ಬದಲಾದರೆ ತರಗತಿ ಅಲುಗಾಡುತ್ತದೆ. ನಿಮ್ಮಂಥ ಸಣ್ಣ ಸಂಘ ಇಟ್ಟ ಟೀಚರ್ ಮೂರನೇ ವರ್ಷ ಹೋದಾಗ ಆ ತರಗತಿಗೆ ಯಾರು? ಅದಕ್ಕಿಂತ ಮುಖ್ಯ, ಮುಂದೆ ಮಕ್ಕಳ ಸಂಖ್ಯೆ 60 ದಾಟಿ ಮೂರನೇ ಹುದ್ದೆ ಕೇಳುವ ಹಕ್ಕು ಬಂದಾಗ 'ನಿಮ್ಮಲ್ಲಿ ದಾನಿಗಳ ಟೀಚರ್ ಇದ್ದಾರಲ್ಲ' ಎಂಬ ಉತ್ತರ ಬರಬಾರದು. ಸಹಾಯಕಿ ಸಹಾಯಕಿಯಾಗಿಯೇ ಇರಲಿ, ಹಾಜರಿ ಪುಸ್ತಕ ಮುಟ್ಟದಿರಲಿ. ಜೊತೆಗೆ ಶಾಲಾ ವ್ಯವಸ್ಥಾಪನ ಸಮಿತಿಯನ್ನು ಎಬ್ಬಿಸಿ. ಕಾಯ್ದೆಯಂತೆ ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರ ಅವರದ್ದು. ಬಹಳ ಕಡೆ ಅದು ಸಹಿ ಹಾಕುವ ಸಮಿತಿ ಮಾತ್ರ. ಮಣ್ಣು ಹೊರುವ ತಾಯಿ ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರುವುದಿಲ್ಲ, ಸಭೆಯನ್ನು ಅವರ ರಜೆಯ ದಿನಕ್ಕೆ ಇಡಿಸುವುದು ನಿಮ್ಮಿಂದ ಆಗುವ ಕೆಲಸ. ಐದು ತರಗತಿಗೆ ಇಬ್ಬರು ಸಾಲದು ಎಂಬ ಅರ್ಜಿಗೆ ದಾನಿಯ ಸಹಿಗಿಂತ ಆ ತಾಯಿಯ ಹೆಬ್ಬೆಟ್ಟಿಗೆ ಬೆಲೆ ಹೆಚ್ಚು.

ರಾತ್ರಿಶಾಲೆಯವರಾದ ನಿಮಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಂಟರ ಸಂಘ, ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಇಂಥವರೆಲ್ಲ ಕಟ್ಟಿದ್ದು ಸಮಾಜದ್ದೇ ಶಾಲೆಗಳು: ಜಾಗ ಸಮಾಜದ್ದು, ಆಡಳಿತ ಸಮಾಜದ್ದು, ಸರ್ಕಾರದಿಂದ ಅನುದಾನ. ಅಲ್ಲಿ ದತ್ತಿನಿಧಿ ಇಟ್ಟವನ ಮಾತಿಗೆ ತೂಕವಿತ್ತು. ಪಾಲಿಕೆ ಶಾಲೆಯಲ್ಲಿ ನೀವು ಅತಿಥಿಗಳು, ಆ ರೂಢಿ ಇಲ್ಲಿ ನಡೆಯುವುದಿಲ್ಲ. ಈಗಲೂ ಉಳಿದಿರುವ ರಾತ್ರಿಶಾಲೆಗಳ ಕಡೆ ಮನಸ್ಸೆಳೆದರೆ, 2008ರಿಂದ ಮುಂಬಯಿಯ ರಾತ್ರಿಶಾಲೆಗಳಿಗೆ ಸಂಜೆಯ ತಿಂಡಿ, ಪುಸ್ತಕ, ವಿಜ್ಞಾನದ ಪ್ರಯೋಗ ಸಾಮಗ್ರಿ ಒದಗಿಸುತ್ತಿರುವ 'ಮಾಸೂಮ್' ಸಂಸ್ಥೆಯವರನ್ನು ಮಾತಾಡಿಸಿ.

ಇನ್ನು ಕಾಗದಪತ್ರ. ಮುಖ್ಯಾಧ್ಯಾಪಕಿಯ ಬಾಯಿಮಾತಿನ ಒಪ್ಪಿಗೆ ಸಾಲದು, ಅದರಿಂದ ನಾಳೆ ಆಕೆಗೇ ತೊಂದರೆ. ವಾರ್ಡಿನ ಶಾಲಾ ಪ್ರಶಾಸಕೀಯ ಅಧಿಕಾರಿಯ ಮೂಲಕ ಶಿಕ್ಷಣಾಧಿಕಾರಿಯ ಲಿಖಿತ ಅನುಮತಿ ಪಡೆಯಿರಿ. ಅದರಲ್ಲಿ ಸಹಾಯಕಿಯರು ಪಾಲಿಕೆಯ ನೌಕರರಲ್ಲ, ಸಂಬಳ ಸಂಘದ್ದು, ಅವಧಿ ಮೂರು ವರ್ಷ ಎಂದು ಸ್ಪಷ್ಟವಿರಲಿ. 2024ರ ಆಗಸ್ಟಿನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ನಂತರ ಶಾಲೆಯೊಳಗೆ ಕಾಲಿಡುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆಯನ್ನು ಬಿಗಿಯಾಗಿ ನೋಡುತ್ತಾರೆ, ನೋಡಲೇಬೇಕು. ನಿಮ್ಮ ಸದಸ್ಯರೂ 'ಮಕ್ಕಳನ್ನು ನೋಡಿ ಬರೋಣ' ಎಂದು ಯಾವಾಗ ಬೇಕಾದರೂ ಒಳಗೆ ಹೋಗಬಾರದು.

ಹೊರದೇಶದ ಹಣದ ವಿಷಯದಲ್ಲಿ ಎಚ್ಚರ. ದುಬೈಯಲ್ಲಿರುವ ಸದಸ್ಯರ ಪಾಸ್‌ಪೋರ್ಟ್ ಭಾರತದ್ದಾದರೆ, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದವರು ಅಲ್ಲಿನ ಪೌರತ್ವ ಪಡೆದಿದ್ದರೆ, ಹುಟ್ಟಿದ್ದು ಕುಂದಾಪುರವಾದರೂ, ಕೈಯಲ್ಲಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ, ಅವರು ಕೊಟ್ಟದ್ದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಯಿಂದ ದಾಟಿಸಿಕೊಳ್ಳುವ ದಾರಿಯೂ 2020ರ ತಿದ್ದುಪಡಿಯಿಂದ ಮುಚ್ಚಿದೆ. ಅವರು ನೇರವಾಗಿ ಅಂಥ ಸಂಸ್ಥೆಗೇ ಕೊಡಲಿ. ಇಲ್ಲಿನ ದಾನಿಗಳಿಗೆ 80ಜಿ ಎಂದು ರೂಢಿಯಾಗಿರುವ ತೆರಿಗೆ ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ, 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಕಂಪನಿಗಳು ಸಮಾಜಕಾರ್ಯಕ್ಕೆಂದು ತೆಗೆದಿಡುವ ಸಿಎಸ್ಆರ್ ಹಣದ ಆಸೆ ಸದ್ಯ ಬಿಡಿ: ಅದಕ್ಕೆ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಇದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ, ಸಿಎಸ್ಆರ್-1 ಎಂಬ ನೋಂದಣಿ ಸಂಖ್ಯೆ ಎಲ್ಲ ಬೇಕು. ಮೂರು ವರ್ಷ ಈ ಕೆಲಸ ನೆಟ್ಟಗೆ ಮಾಡಿದರೆ ಆ ಅನುಭವದ ಕಾಲಂ ತುಂಬಿರುತ್ತದೆ, ಆಗ ಕೇಳಿ.

ಕೊನೆಗೆ ಹೆಸರಿನ ಪ್ರಶ್ನೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಶಾಲೆ ದತ್ತು ಯೋಜನೆ ತಂದು, ದತ್ತು ಪಡೆದ ದಾನಿಯ ಹೆಸರನ್ನು ಶಾಲೆಯ ಹೆಸರಿಗೆ ಜೋಡಿಸಲೂ ಅವಕಾಶ ಕೊಟ್ಟಿತು. ಶಿಕ್ಷಕರ ಸಂಘಟನೆಗಳು ಇದು ಖಾಸಗೀಕರಣ ಎಂದು ವಿರೋಧಿಸಿದವು. ಅಲ್ಲಿ ಕೋಟಿಗಳ ಲೆಕ್ಕ, ನಿಮಗೆ ಅನ್ವಯಿಸುವುದಿಲ್ಲ. ಗೋಡೆಯ ಮೇಲೆ ಹೆಸರು ಬೇಕೇ ಬೇಕೆಂದರೆ ಅನುಮತಿ ಪತ್ರದಲ್ಲೇ ಬರೆಯಿಸಿಕೊಳ್ಳಿ: ಎಲ್ಲಿ, ಎಷ್ಟು ಉದ್ದ ಅಗಲ, ಕನ್ನಡದ ಜೊತೆ ಮರಾಠಿಯಲ್ಲೂ, ಮೂರು ವರ್ಷ ಮುಗಿದ ಮೇಲೆ ತೆಗೆಯುವವರು ಯಾರು. ಸಹಾಯಕಿಯರ ಮೊದಲ ತಿಂಗಳ ಸಂಬಳ ಬ್ಯಾಂಕಿಗೆ ಬೀಳುವ ತನಕ ಪೇಂಟರನ್ನು ಕರೆಯಬೇಡಿ.